ಎರಡು ಡ್ರಮ್ಮಿನ ದೋಣಿಯೋ, ಮೂರು ಡ್ರಮ್ಮಿನದೋ?

ಸೂಳೆಕೆರೆ, ಕೊಂಡಜ್ಜಿ, ಹರಿಹರದ ಹೊಳೆ: ಮನೆ ಮಂದಿಯನ್ನು ನೀರಿಗಿಳಿಸುವ ಮುಂಚೆ ಒಂದಿಷ್ಟು ಲೆಕ್ಕಾಚಾರ

ಭಾನುವಾರ ಬಂತೆಂದರೆ ದಾವಣಗೆರೆ, ಹರಿಹರದ ಸಂಸಾರಸ್ಥರಿಗೆ ಒಂದೇ ತಲೆಬಿಸಿ. ಎಲ್ಲಿಗೆ ಹೋಗೋದು? ಗಾಜಿನ ಮನೆ ನೋಡಿ ಆಯ್ತು. ಬೆಣ್ಣೆ ದೋಸೆ ತಿಂದಾಯ್ತು. ಸಂಜೆಗೆ ಮಂಡಕ್ಕಿ ಮಿರ್ಚಿಯೂ ಆಯ್ತು. ಆದರೆ ಹುಡುಗರು ಬಿಡಬೇಕಲ್ಲ! "ಬೋಟಿಂಗ್ ಹೋಗಾಣಪ್ಪಾ" ಅಂತ ಒಂದೇ ಹಟ.

ಈ ಸೀಮೆಗೆ ನೀರಿನ ಬಡತನವೇನಿಲ್ಲ. ಹರಿಹರದ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಗುಡ್ಡದ ಬುಡದಲ್ಲಿ ಕೊಂಡಜ್ಜಿ ಕೆರೆ ಇದೆ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದಿಂದಾಗಿ ಇಡೀ ರಾಜ್ಯಕ್ಕೆ ಗೊತ್ತಿರುವ ಜಾಗ. ಚನ್ನಗಿರಿ ತಾಲ್ಲೂಕಿನಲ್ಲಂತೂ ಸೂಳೆಕೆರೆ ಸಮುದ್ರದ ಹಾಗೆ ಮಲಗಿದೆ. ಕಾಗದದಲ್ಲಿ ಅದಕ್ಕೆ ಶಾಂತಿಸಾಗರ ಅಂತ ಹೆಸರು, ಜನರ ಬಾಯಲ್ಲಿ ಇವತ್ತಿಗೂ ಸೂಳೆಕೆರೆಯೇ. ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ನೀರಿನ ದಂಡೆಗೆ ಹೋಗಿ ಉಣ್ಣುವುದು ಇಲ್ಲಿಯ ಹಳೇ ಪದ್ಧತಿ. ದಂಡೆಯ ಮೇಲೆ ಉಂಡವರಿಗೆ ನೀರಿನ ಮೇಲೆ ಹೋಗುವ ಆಸೆ ಹುಟ್ಟಿದರೆ ತಪ್ಪೇನೂ ಅಲ್ಲ.

ಆಸೆಗೆ ತಕ್ಕ ದೋಣಿಯೂ ಈಗ ಬಂದಿದೆ. ಅದರ ಹೆಸರು ಪೊಂಟೂನ್ ಬೋಟು. ನೆಲದಂತೆ ಸಪಾಟಾದ ಹಲಗೆ, ಸುತ್ತ ಕಟಾಂಜನ, ಮೇಲೆ ಚಾವಣಿ, ಕೂರಲು ಸೋಫಾದಂಥ ಸೀಟು. ನೋಡಿದರೆ ಯಾರದೋ ಮನೆಯ ಪಡಸಾಲೆಯನ್ನೇ ಕಿತ್ತು ತಂದು ನೀರಿಗೆ ಬಿಟ್ಟ ಹಾಗಿರುತ್ತೆ. ಕೊಳ್ಳುವವರ ಮುಂದೆ ಕಂಪನಿಯವರು ಎರಡು ನಮೂನೆ ಇಡುತ್ತಾರೆ. ಒಂದು ಎರಡು ಡ್ರಮ್ಮಿನದು, ಇನ್ನೊಂದು ಮೂರು ಡ್ರಮ್ಮಿನದು. ಯಾವುದು ವಾಸಿ?

ನಾಲ್ಕು ಮನೆಯವರು ಸೇರಿ ಕೊಳ್ಳುವುದಿರಲಿ, ಕೆರೆಯಲ್ಲಿ ದೋಣಿ ನಡೆಸಲು ಗುತ್ತಿಗೆ ಹಿಡಿಯುವುದಿರಲಿ, ಎಲ್ಲೋ ಪ್ರವಾಸಕ್ಕೆ ಹೋದಾಗ ಟಿಕೆಟ್ ಹರಿಸಿಕೊಂಡು ಹತ್ತುವುದಿರಲಿ, ಈ ಪ್ರಶ್ನೆಯ ಲೆಕ್ಕ ಮೂವರಿಗೂ ಒಂದೇ. ಲೆಕ್ಕ ತಪ್ಪಿದರೆ ಆಗುವ ನಷ್ಟವೂ ಒಂದೇ.

ಏನಿದು ಪೊಂಟೂನು?

ಹೆಸರು ಹೊಸದು, ವಿದ್ಯೆ ಹಳೆಯದು. ಕರಾವಳಿಯ ನದಿಗಳಲ್ಲಿ ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ಜೀಪು ಲಾರಿಗಳನ್ನೇ ದಾಟಿಸುತ್ತಿದ್ದ 'ಜಂಗಲ್' ಎಂಬುದೊಂದಿತ್ತು. ಸಿಗಂದೂರಿಗೆ ಹೋಗುವವರು ಶರಾವತಿ ಹಿನ್ನೀರನ್ನು ಬಸ್ಸು ಕಾರು ಸಮೇತ ಲಾಂಚಿನಲ್ಲೇ ದಾಟುತ್ತಿದ್ದರು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಆ ಲಾಂಚಿನಲ್ಲಿ ನಿಂತು ಚೌಡೇಶ್ವರಿಗೆ ಕೈಮುಗಿದವರು ದಾವಣಗೆರೆಯ ಯಾವ ಓಣಿಯಲ್ಲಿ ಕೇಳಿದರೂ ಸಿಗುತ್ತಾರೆ. ಅಗಲವಾಗಿ ತೇಲುವುದು ಸುಲಭಕ್ಕೆ ಮಗುಚುವುದಿಲ್ಲ ಎಂಬುದೇ ಇದೆಲ್ಲದರ ಹಿಂದಿನ ಗುಟ್ಟು.

ಮನೆ ಮಂದಿಯ ವಿಹಾರಕ್ಕೆಂದೇ ಇದನ್ನು ರೂಢಿಗೆ ತಂದದ್ದು ಅಮೆರಿಕದವರು. ಮಿನ್ನೆಸೋಟಾ ರಾಜ್ಯದಲ್ಲಿ ಆಂಬ್ರೋಸ್ ವೀರೆಸ್ ಎಂಬಾತ 1950ರ ದಶಕದ ಮೊದಲಲ್ಲಿ ಕಬ್ಬಿಣದ ಪೀಪಾಯಿಗಳನ್ನು ಎರಡು ಸಾಲಾಗಿ ಜೋಡಿಸಿ, ಮೇಲೆ ಮರದ ಅಟ್ಟ ಕಟ್ಟಿ ಕೆರೆಗೆ ಬಿಟ್ಟ. ಸಣ್ಣ ದೋಣಿಯಲ್ಲಿ ಮುದುಡಿ ಕೂರುವ ಬದಲು ಹೆಂಡಿರು ಮಕ್ಕಳೊಂದಿಗೆ ಕಾಲು ಚಾಚಿ ಕೂರುವ ಸುಖ ಸಿಕ್ಕಿತು. ಅಲ್ಲಿಂದ ಅದೊಂದು ದೊಡ್ಡ ಕೈಗಾರಿಕೆಯೇ ಆಗಿ ಬೆಳೆಯಿತು. ಪೀಪಾಯಿ ಹೋಗಿ ಅಲ್ಯೂಮಿನಿಯಂ ಕೊಳವೆ ಬಂತು. ಕಂಪನಿಯವರು ಅದನ್ನು ಟ್ಯೂಬು ಎನ್ನುತ್ತಾರೆ. ನಮ್ಮ ಜನಕ್ಕೆ ಕಣ್ಣಿಗೆ ಕಟ್ಟುವ ಹಾಗೆ ಹೇಳಬೇಕೆಂದರೆ ಉದ್ದನೆಯ ಡ್ರಮ್ಮು, ಅಷ್ಟೆ.

ತುಂಗಭದ್ರೆಯ ಮಕ್ಕಳಿಗೆ ತೆಪ್ಪ ಹೊಸದಲ್ಲ. ಹರಿಗೋಲು ಅಂತಲೂ ಕರೆಯುತ್ತಾರೆ. ಬಿದಿರಿನ ಬುಟ್ಟಿ, ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಅಂಬಿಗನ ಕೈಯಲ್ಲಿ ಅದು ಹೇಳಿದ ಮಾತು ಕೇಳುತ್ತೆ. ಆದರೆ ಎಪ್ಪತ್ತರ ಅಜ್ಜಿ ಸೀರೆ ಎತ್ತಿಕೊಂಡು ಅಲುಗುವ ಬುಟ್ಟಿಗೆ ಕಾಲಿಡುವುದೆಂದರೆ ಸುಲಭವೇ? ಪೊಂಟೂನಿನ ದೊಡ್ಡ ಉಪಕಾರ ಇಲ್ಲಿದೆ. ಕಟ್ಟೆಯಿಂದ ಸಮನಾಗಿ ಹೆಜ್ಜೆ ಇಟ್ಟು ಒಳಗೆ ಹೋಗಬಹುದು. ಮಂಡಿ ನೋವಿನವರೂ ಕೂಸು ಎತ್ತಿಕೊಂಡವರೂ ಧೈರ್ಯವಾಗಿ ಹತ್ತಬಹುದು. ಮನೆಮಂದಿಗೆ ಇದಕ್ಕಿಂತ ಅನುಕೂಲದ ದೋಣಿ ಇಲ್ಲ ಅಂದರೂ ನಡೆಯುತ್ತೆ.

ಆದರೆ ಆ ಅನುಕೂಲವೇ ಅದರ ಅಪಾಯವೂ ಹೌದು. ತೆಪ್ಪದಲ್ಲಿ ಕೂತವನಿಗೆ ತಾನು ನೀರಿನ ಮೇಲಿದ್ದೇನೆ ಎಂಬ ಭಯ ಇರುತ್ತೆ, ಮಿಸುಕದೆ ಕೂರುತ್ತಾನೆ. ಪೊಂಟೂನ್ ಹತ್ತಿದವನು ನೆಲದ ಮೇಲಿದ್ದೇನೆ ಅಂತಲೇ ತಿಳಿಯುತ್ತಾನೆ.

ಡ್ರಮ್ಮಿನ ಲೆಕ್ಕ

ಯಾವುದೇ ದೋಣಿ ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟು ಭಾರವನ್ನು ಹೊರುತ್ತೆ. ಇದು ಹೈಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸನ ಪಾಠ. ಆ ಪಾಠವನ್ನೇ ಇಲ್ಲಿ ಹಾಕಿ ನೋಡಿ.

ಒಂದು ಡ್ರಮ್ಮು ಆರು ಮೀಟರ್ ಉದ್ದ, ಅರವತ್ತು ಸೆಂಟಿಮೀಟರ್ ದಪ್ಪ ಇದೆ ಎಂದಿಟ್ಟುಕೊಳ್ಳಿ. ಪೂರ್ತಿ ಮುಳುಗಿದರೆ ಅದು ಸುಮಾರು 1,700 ಲೀಟರ್ ನೀರನ್ನು ತಳ್ಳುತ್ತೆ, ಅಂದರೆ 1,700 ಕಿಲೋ ಹೊರುತ್ತೆ. ಎರಡು ಡ್ರಮ್ಮು ಸೇರಿ 3,400 ಕಿಲೋ. ಅಬ್ಬಾ, ಅಷ್ಟೊಂದಾ! ಅಂತ ಹಿಗ್ಗಬಾರದು. 3,400 ಅಂದರೆ ಡ್ರಮ್ಮು ಕಾಣದಂತೆ ಮುಳುಗಿ, ಹಲಗೆ ನೀರಿಗೆ ತಾಗುವ ಹಂತ. ಬುದ್ಧಿವಂತರು ಡ್ರಮ್ಮಿನ ಅರ್ಧದಷ್ಟು ಮಾತ್ರ ಮುಳುಗಲು ಬಿಡುತ್ತಾರೆ. ಉಳಿದರ್ಧ ಆಪತ್ತಿಗೆ. ಅಂದರೆ ಕೈಗೆ ಸಿಕ್ಕದ್ದು 1,700 ಕಿಲೋ.

ಅದರಲ್ಲಿ ದೋಣಿಯ ಸ್ವಂತ ತೂಕ ಕಳೆಯಬೇಕು. ಹಲಗೆ, ಸೀಟು, ಚಾವಣಿ, ಎಂಜಿನ್ ಎಲ್ಲ ಸೇರಿ 750 ಕಿಲೋ ಅಂತ ಹಿಡಿಯಿರಿ. ಪೆಟ್ರೋಲು, ಲಂಗರು, ಲೈಫ್ ಜಾಕೆಟ್ಟು, ಜೊತೆಗೆ ನಮ್ಮವರ ಬುತ್ತಿ ಗಂಟು, ನೀರಿನ ಕ್ಯಾನು, ಇನ್ನೊಂದು 100 ಕಿಲೋ. ದೋಣಿ ನಡೆಸುವವನು 70 ಕಿಲೋ. ಉಳಿದದ್ದು 780. ತಲೆಗೆ ಸರಾಸರಿ 70 ಕಿಲೋದಂತೆ ಹನ್ನೊಂದು ಜನ. ಒಂದು ತಲೆ ಕೈಬಿಟ್ಟು ಹತ್ತು ಅನ್ನಿ.

ಹತ್ತು ಜನ ಅಂದರೆ ಹತ್ತೇ ಜನ. "ಮಕ್ಕಳನ್ನ ಲೆಕ್ಕಕ್ಕೆ ಹಿಡೀಬ್ಯಾಡ್ರಿ" ಎಂಬ ಮಾತು ಬಸ್ಸಿನಲ್ಲಿ ನಡೆದೀತು, ನೀರಿನ ಮೇಲೆ ನಡೆಯದು.

ಈಗ ನಿಜವಾದ ಪರೀಕ್ಷೆ. ಏರಿಯ ಕಡೆ ಒಂದು ದೊಡ್ಡ ಹಕ್ಕಿ ಹಾರಿತು ಅಂತ ಹತ್ತೂ ಜನ ಎದ್ದು ಒಂದೇ ಬದಿಗೆ ನುಗ್ಗಿದರು ಎನ್ನಿ. ಆ ಬದಿಯ ಡ್ರಮ್ಮಿನ ಮೇಲೆ ಅವರ 700 ಕಿಲೋ, ಜೊತೆಗೆ ಬಾಕಿ ಭಾರದಲ್ಲಿ ಅರ್ಧ ಪಾಲು 460. ಒಟ್ಟು 1,160. ಡ್ರಮ್ಮಿನ ಶಕ್ತಿ 1,700. ದೋಣಿ ವಾಲುತ್ತೆ, ಹೆಂಗಸರು ಕೂಗುತ್ತಾರೆ, ಆದರೂ ದೋಣಿ ತಡೆಯುತ್ತೆ.

ಅದೇ ದೋಣಿಗೆ ಇಪ್ಪತ್ತು ಜನರನ್ನು ತುಂಬಿ. ಎಲ್ಲರೂ ಒಂದು ಬದಿಗೆ ಬಂದರೆ 1,400 ಮತ್ತು 460, ಒಟ್ಟು 1,860. ಡ್ರಮ್ಮು ತಡೆಯುವುದು 1,700. ಆ ಬದಿ ನೀರಿನೊಳಗೆ ಹೋಯಿತು. ಅಲ್ಲಿಗೆ ಕತೆ ಮುಗಿಯಿತು.

ಗಮನಿಸಬೇಕಾದ್ದು ಇಷ್ಟೆ. ಇಪ್ಪತ್ತು ಜನ ನೆಟ್ಟಗೆ ಕೂತಿರುವ ತನಕ ದೋಣಿ ತೇಲುತ್ತಲೇ ಇರುತ್ತೆ. ದಡದಿಂದ ನೋಡುವವನಿಗೆ ಏನೂ ತಪ್ಪು ಕಾಣುವುದಿಲ್ಲ. "ನಿನ್ನೇನೂ ಇಪ್ಪತ್ತು ಮಂದಿ ಹೋಗಿದ್ರು, ಏನಾಯ್ತು?" ಎಂಬ ವಾದ ಹುಟ್ಟುವುದು ಹೀಗೆ. ನಿನ್ನೆ ಹಕ್ಕಿ ಹಾರಿರಲಿಲ್ಲ, ಅಷ್ಟೆ.

ಮೂರನೇ ಡ್ರಮ್ಮು ಏನು ಕೊಡುತ್ತೆ?

ಇನ್ನು ಮೂರು ಡ್ರಮ್ಮಿನದು. ಮೂರನೆಯದು ನಡುವೆ ಇರುತ್ತೆ. ತೇಲುವ ಶಕ್ತಿ ಒಂದೂವರೆ ಪಟ್ಟು, ಅಂದರೆ 5,100 ಕಿಲೋ. ಅರ್ಧ ಹಿಡಿದರೆ 2,550. ದೋಣಿಯ ತೂಕವೂ ಏರುತ್ತೆ, 1,050 ಅಂತ ಇಟ್ಟುಕೊಳ್ಳಿ. ಸಾಮಾನು 100, ನಡೆಸುವವನು 70. ಅದನ್ನೆಲ್ಲ ಕಳೆದರೂ 1,330 ಕಿಲೋ ಉಳಿಯುತ್ತೆ. ಹತ್ತೊಂಬತ್ತು ಜನ!

ಮಾರುವವರು ಹೇಳುವುದು ಇಲ್ಲಿಗೇ ನಿಲ್ಲುತ್ತೆ. "ಮೂರು ಡ್ರಮ್ ತಗೊಳ್ಳಿ ಸಾರ್, ಟ್ರಿಪ್ಪಿಗೆ ಡಬಲ್ ಜನ." ಗುತ್ತಿಗೆದಾರನಿಗೆ ಇದು ಕಿವಿಗೆ ಇಂಪು. ಆದರೆ ಸಂಸಾರಸ್ಥ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲೆಕ್ಕ ಹಾಕಬೇಕು.

ಮೂರು ಡ್ರಮ್ಮಿನ ದೋಣಿಯಲ್ಲಿ ಹತ್ತೇ ಜನ ಕೂತರೆ ಒಟ್ಟು ಭಾರ 1,920 ಕಿಲೋ. ಡ್ರಮ್ಮುಗಳು ನೂರಕ್ಕೆ 38ರಷ್ಟು ಮಾತ್ರ ಮುಳುಗಿರುತ್ತವೆ. ಎರಡು ಡ್ರಮ್ಮಿನದರಲ್ಲಿ ಅದೇ ಹತ್ತು ಜನಕ್ಕೆ ನೂರಕ್ಕೆ 48. ಅಂದರೆ ಮೂರನೇ ಡ್ರಮ್ಮು ಆಪತ್ತಿನ ಗಂಟನ್ನು ದೊಡ್ಡದು ಮಾಡಿತು. ಆದರೆ ಹತ್ತರ ಜಾಗದಲ್ಲಿ ಇಪ್ಪತ್ತು ಜನ ಹತ್ತಿದರೆ ನೂರಕ್ಕೆ 51. ಹತ್ತು ಜನರ ಎರಡು ಡ್ರಮ್ಮಿನ ದೋಣಿಗಿಂತಲೂ ಹೆಚ್ಚು ಮುಳುಗಿತು! ದುಡ್ಡು ಕೊಟ್ಟು ಕೊಂಡ ಭದ್ರತೆ ಟಿಕೆಟ್ಟಿನ ಕಾಸಾಗಿ ಗಲ್ಲಾಪೆಟ್ಟಿಗೆಗೆ ಹೋಯಿತು.

ನಡುವಿನ ಡ್ರಮ್ಮಿನ ಬಗ್ಗೆ ಇನ್ನೊಂದು ಮಾತು. ದೋಣಿ ಪಕ್ಕಕ್ಕೆ ವಾಲುವಾಗ ತಡೆಯುವ ಕೆಲಸ ಹೆಚ್ಚಾಗಿ ಹೊರಗಿನ ಎರಡು ಡ್ರಮ್ಮಿನದು. ತಕ್ಕಡಿಯ ನಡುವೆ ಎಷ್ಟು ಆತುಕೊಟ್ಟರೂ ತಟ್ಟೆಯ ವಾಲು ನಿಲ್ಲುವುದಿಲ್ಲ, ತುದಿಯಲ್ಲಿ ಕೊಟ್ಟರೆ ನಿಲ್ಲುತ್ತೆ, ಹಾಗೆ. ನಡುವಿನದು ಇಡೀ ದೋಣಿಯನ್ನು ಮೇಲಕ್ಕೆತ್ತಿ ಹಿಡಿದು, ಪಕ್ಕದವು ಮುಳುಗದಂತೆ ನೆರವಾಗುತ್ತೆ. ಭಾರ ಕಡಿಮೆ ಇದ್ದಾಗ ಮಾತ್ರ ಆ ನೆರವು.

ಅಮೆರಿಕದಲ್ಲಿ ಮೂರನೇ ಡ್ರಮ್ಮು ಜನಪ್ರಿಯವಾದದ್ದು ವೇಗಕ್ಕೆ. ಹಿಂದೆ ನೂರು, ನೂರೈವತ್ತು ಹಾರ್ಸ್‌ಪವರಿನ ಎಂಜಿನ್ ಕಟ್ಟಿ, ಹಗ್ಗದಲ್ಲಿ ಹಲಗೆ ಎಳೆದು ಆಟ ಆಡುತ್ತಾರೆ. ಸೂಳೆಕೆರೆಯಲ್ಲಿ ಮೀನುಗಾರರ ಬಲೆಗಳ ನಡುವೆ, ನೀರುಹಕ್ಕಿಗಳ ನಡುವೆ ಆ ಗಮ್ಮತ್ತು ಯಾರಿಗೆ ಬೇಕು? ಎಂಜಿನ್ ದೊಡ್ಡದಾದಷ್ಟೂ ಪೆಟ್ರೋಲು ಹೆಚ್ಚು, ಸದ್ದು ಹೆಚ್ಚು, ಬಲೆಗೂ ಜೊಂಡಿಗೂ ಸಿಕ್ಕಿಕೊಳ್ಳುವ ರೆಕ್ಕೆಯ ಕಾಟವೂ ಹೆಚ್ಚು.

ನೀರು ನೋಡಿ ದೋಣಿ ಆರಿಸು

ಹೆಣ್ಣು ನೋಡುವಾಗ ಮನೆತನ ನೋಡುವ ಹಾಗೆ, ದೋಣಿ ಆರಿಸುವಾಗ ನೀರು ನೋಡಬೇಕು. ಈ ಜಿಲ್ಲೆಯ ಮೂರು ನೀರಿಗೆ ಮೂರು ಸ್ವಭಾವ.

ಕೊಂಡಜ್ಜಿಯಂಥ ಕೆರೆ ಸಣ್ಣದು. ಎಲ್ಲಿ ನಿಂತರೂ ದಡ ಕಾಣುತ್ತೆ, ಕೂಗಿದರೆ ಕೇಳುತ್ತೆ. ಇಲ್ಲಿಗೆ ಎರಡು ಡ್ರಮ್ಮಿನ ದೋಣಿ ಧಾರಾಳವಾಯಿತು. ಸಣ್ಣ ಎಂಜಿನ್ ಸಾಕು. ಬ್ಯಾಟರಿಯ ಮೋಟಾರು ಆದರೆ ಇನ್ನೂ ವಾಸಿ. ನಡೆದು ಹೋಗುವ ವೇಗಕ್ಕಿಂತ ಸ್ವಲ್ಪ ಹೆಚ್ಚಿಗೆ ಹೋದರೆ ಸಾಕಲ್ಲ, ಯಾರಿಗೆ ಯಾವ ರೈಲು ಹಿಡಿಯುವುದಿದೆ?

ಸೂಳೆಕೆರೆಯ ಮಾತೇ ಬೇರೆ. ಶಾಂತವ್ವ ಕಟ್ಟಿಸಿದಳೆಂದು ಜನ ಹೇಳುವ ಈ ಕೆರೆಯ ನೀರಿನ ಹರವು 6,550 ಎಕರೆ. ಹರಿದ್ರಾವತಿ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ, ಸಿದ್ಧನಾಲೆ, ಬಸವನಾಲೆ ಎಂಬ ಎರಡು ಕಾಲುವೆ ತೆಗೆದಿದ್ದಾರೆ. ಇಷ್ಟು ಅಗಲದ ನೀರಿನ ಮೇಲೆ ಗಾಳಿಗೆ ತಡೆ ಎಂಬುದಿಲ್ಲ. ಬೆಳಿಗ್ಗೆ ಕನ್ನಡಿಯ ಹಾಗಿದ್ದ ನೀರು ಮಧ್ಯಾಹ್ನದ ಗಾಳಿಗೆ ಎದ್ದು ಕೂರುತ್ತೆ. ಪೊಂಟೂನಿಗೆ ಚಾವಣಿ ಇರುವುದರಿಂದ ಅದು ಹಾಯಿಯ ಹಾಗೆ ಗಾಳಿ ಹಿಡಿಯುತ್ತೆ. ಎಂಜಿನ್ ಸಣ್ಣದಾದರೆ ದಡಕ್ಕೆ ಬರುವ ಬದಲು ಗಾಳಿ ಕರೆದತ್ತ ಹೋಗುತ್ತೆ. ಇಂಥ ನೀರಿಗೆ ಮೂರು ಡ್ರಮ್ಮಿನದೇ ಸರಿ. ಆದರೆ ಒಂದು ಷರತ್ತು. ಹತ್ತೊಂಬತ್ತು ಜನಕ್ಕೆ ಜಾಗ ಇದ್ದರೂ ಹತ್ತೋ ಹನ್ನೆರಡೋ ಜನರನ್ನು ಮಾತ್ರ ಕೂರಿಸಬೇಕು. ಎರಡು ಡ್ರಮ್ಮಿನದೇ ಇದ್ದರೆ ಬೆಳಗಿನ ಹೊತ್ತು, ಏರಿಯ ಹತ್ತಿರದಲ್ಲೇ, ಗಾಳಿ ಏಳುವ ಮುಂಚೆ ವಾಪಸ್ಸು. ಮುಂಗಾರಿನ ಬಿರುಗಾಳಿಯ ತಿಂಗಳುಗಳಲ್ಲಿ ಎರಡಕ್ಕೂ ರಜ.

ಇನ್ನೊಂದು ವಿಚಾರ ಮರೆಯಬಾರದು. ಸೂಳೆಕೆರೆ ಬರೀ ವಿಹಾರದ ಕೆರೆಯಲ್ಲ. ಅದರ ನೀರು ಚಿತ್ರದುರ್ಗದ ತನಕ ಜನರ ಕುಡಿಯುವ ಕೊಡಕ್ಕೆ ಹೋಗುತ್ತೆ. ದಾವಣಗೆರೆಯ ಕುಂದವಾಡ ಕೆರೆಯೂ ಹಾಗೇ, ಕುಡಿಯುವ ನೀರಿನದು. ಇಂಥ ನೀರಿನಲ್ಲಿ ಎಣ್ಣೆ ಸೋರುವ ಹಳೇ ಎಂಜಿನ್ ಓಡಿಸುವುದು ನೆರೆಮನೆಯವರ ಹಂಡೆಗೆ ಸೀಮೆಎಣ್ಣೆ ಸುರಿದ ಹಾಗೆ. ಯಾವ ಕೆರೆಯೇ ಆಗಲಿ ಸಂಬಂಧಪಟ್ಟ ಇಲಾಖೆಯ ಅಪ್ಪಣೆ ಇಲ್ಲದೆ ಸ್ವಂತ ದೋಣಿ ತಂದು ಬಿಡಲು ಬರುವುದಿಲ್ಲ. ಅಪ್ಪಣೆ ಕೊಡುವವರೂ ಎಂಜಿನ್ ಎಂಥದ್ದು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ಉಳಿದದ್ದು ಹರಿಹರದ ಹೊಳೆ. ಹರಿಹರೇಶ್ವರನ ಸನ್ನಿಧಿ, ಆಚೆ ದಡದಲ್ಲಿ ಕುಮಾರಪಟ್ಟಣ, ನೋಡಲು ಚೆಂದ. ಆದರೆ ಹೊಳೆ ಕೆರೆಯಲ್ಲ, ಅದಕ್ಕೆ ಸೆಳವಿದೆ. ಮಳೆಗಾಲದಲ್ಲಿ ಗಾಜನೂರಿನಿಂದ ತುಂಗೆಯ ನೀರು, ಲಕ್ಕವಳ್ಳಿಯಿಂದ ಭದ್ರೆಯ ನೀರು ಬಿಟ್ಟರೆ ಕೂಡ್ಲಿಯಲ್ಲಿ ಎರಡೂ ಒಂದಾಗಿ ಇಲ್ಲಿಗೆ ಬರುವಾಗ ಅದರ ರೂಪವೇ ಬೇರೆ. ಇಲ್ಲಿ ಮೋಡವಿಲ್ಲದಿದ್ದರೂ ಮಲೆನಾಡಿನ ಮಳೆ ಇಲ್ಲಿ ಹೊಳೆಯಾಗಿ ಹರಿಯುತ್ತೆ. ಬೇಸಿಗೆಯಲ್ಲೋ ನೀರು ತೆಳ್ಳಗಾಗಿ ಕಲ್ಲು ಹಾಸು ಏಳುತ್ತೆ, ಮರಳು ತೆಗೆದ ಕಡೆ ಆಳದ ಗುಂಡಿಗಳಿರುತ್ತವೆ. ಅಲ್ಯೂಮಿನಿಯಂ ಡ್ರಮ್ಮು ಕಲ್ಲಿಗೆ ಉಜ್ಜಿದರೆ ಸೀಳುತ್ತೆ. ಸೆಳವಿನಲ್ಲಿ ಎಂಜಿನ್ ನಿಂತರೆ ಈ ಅಗಲದ ದೋಣಿಯನ್ನು ಹುಟ್ಟು ಹಾಕಿ ನಿಲ್ಲಿಸುವ ಗಂಡಸು ಹುಟ್ಟಿಲ್ಲ. ಆದ್ದರಿಂದ ಹೊಳೆಗೆ ಎರಡು ಡ್ರಮ್ಮಿನದೂ ಬೇಡ, ಮೂರರದೂ ಬೇಡ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುವುದೇ ಹರಿಹರದ ಸುಖ.

ಜನವರಿ ತಿಂಗಳ ಸುದ್ದಿಗಳು

ಇಷ್ಟೆಲ್ಲ ಹೆದರಿಸುವುದೇಕೆ ಎಂದು ಕೇಳುವವರುಂಟು. ಹಳೇ ಪತ್ರಿಕೆಗಳನ್ನು ತೆಗೆದು ನೋಡಿದರೆ ಸಾಕು.

2019ರ ಜನವರಿ 21. ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದರಲ್ಲಿ ನಮ್ಮ ನೆರೆಯ ಹಾವೇರಿ ಜಿಲ್ಲೆಯಿಂದ ಹೋಗಿದ್ದ ಕುಟುಂಬದವರೂ ಇದ್ದರು. 2024ರ ಜನವರಿ 18. ಗುಜರಾತಿನ ವಡೋದರಾದ ಹರಣಿ ಕೆರೆ. ಸ್ಕೂಲಿನ ಪ್ರವಾಸಕ್ಕೆ ಬಂದ ಮಕ್ಕಳ ದೋಣಿ ಮಗುಚಿತು. 12 ಮಕ್ಕಳು, 2 ಶಿಕ್ಷಕಿಯರು ಹೋದರು. ಅದು ಸಮುದ್ರವಲ್ಲ, ಸುತ್ತ ಊರು ಇರುವ ಕೆರೆ. ಹತ್ತಿಸಬೇಕಾದ್ದಕ್ಕಿಂತ ಹೆಚ್ಚು ಜನ ಹತ್ತಿದ್ದರು, ಎಷ್ಟೋ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಎರಡೂ ಸಂಕ್ರಾಂತಿಯ ಆಸುಪಾಸಿನ ದಿನಗಳೇ. ಆಕಾಶ ತಿಳಿಯಾಗಿರುವ, ಜನ ನಗುನಗುತ್ತಾ ಹೊರಡುವ ಕಾಲ.

ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ ಸತ್ತದ್ದು ಮೀನುಗಾರಿಕೆಯ ದೋಣಿಯನ್ನು ಪ್ರವಾಸಿ ದೋಣಿಯಾಗಿ ಮಾರ್ಪಡಿಸಿ ಓಡಿಸಿದ್ದರಿಂದ. ಮೇಲೊಂದು ಅಂತಸ್ತು, ಅದರ ಮೇಲೂ ಜನ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನರನ್ನು ಬಲಿ ತೆಗೆದುಕೊಂಡದ್ದೂ ಎರಡಂತಸ್ತಿನ ದೋಣಿಯೇ. ಭಾರ ಮೇಲೆ ಏರಿದಷ್ಟೂ ದೋಣಿ ಬುಗುರಿಯಾಗುತ್ತೆ. ಪೊಂಟೂನಿನ ಚಾವಣಿಯ ಮೇಲೆ "ವ್ಯೂ ಚೆನ್ನಾಗಿರುತ್ತೆ" ಅಂತ ಹುಡುಗರನ್ನು ಹತ್ತಿಸುವವರು ಈ ಎರಡು ತಾರೀಕುಗಳನ್ನು ಗೋಡೆಗೆ ಬರೆದುಕೊಳ್ಳಲಿ.

ಕಾಯಿದೆ ಏನನ್ನುತ್ತೆ?

ಬ್ರಿಟಿಷರ ಕಾಲದ 1917ರ ಕಾಯಿದೆಯನ್ನು ತೆಗೆದು ಹಾಕಿ, ಕೇಂದ್ರ ಸರ್ಕಾರ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯಿದೆ ತಂದಿತು. ಎಂಜಿನ್ ಕಟ್ಟಿದ ದೋಣಿಗೆ ತಪಾಸಣೆ ಆಗಿರಬೇಕು, ನೋಂದಣಿ ಆಗಿರಬೇಕು, ವಿಮೆ ಇರಬೇಕು, ನಡೆಸುವವನಿಗೆ ಅರ್ಹತೆಯ ಪತ್ರ ಇರಬೇಕು. ಎಷ್ಟು ಜನ ಹತ್ತಬಹುದೆಂದು ಹೇಳುವುದು ಆ ತಪಾಸಣೆಯೇ, ಗುತ್ತಿಗೆದಾರನ ಧಾರಾಳತನವಲ್ಲ.

ಹತ್ತುವವರು "ಎಷ್ಟು ಜನಕ್ಕೆ ಪರ್ಮಿಟ್ ಐತ್ರಿ? ಕಾಗದ ತೋರಿಸ್ರಿ" ಅಂತ ಕೇಳಲು ಸಂಕೋಚ ಪಡುತ್ತಾರೆ. ಸೊಪ್ಪಿನವಳ ಹತ್ತಿರ ಒಂದು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುವ ನಮ್ಮ ಜನಕ್ಕೆ ಮಕ್ಕಳ ಪ್ರಾಣದ ಮುಂದೆ ಇದೆಂಥ ಸಂಕೋಚ?

ಹತ್ತುವ ಮುಂಚೆ

ಕೊಳ್ಳುವವರಾಗಲಿ, ಟಿಕೆಟ್ ಪಡೆಯುವವರಾಗಲಿ, ಕಣ್ಣಾರೆ ನೋಡಬೇಕಾದ ಸಂಗತಿಗಳು ಕೆಲವಿವೆ.

ಮೊದಲು ಡ್ರಮ್ಮು. ಒಳಗೆ ಒಂದೇ ಖಾನೆಯೋ, ಅಡ್ಡ ಗೋಡೆ ಹಾಕಿ ಮೂರು ನಾಲ್ಕು ಖಾನೆ ಮಾಡಿದ್ದಾರೋ ಕೇಳಿ. ಖಾನೆಗಳಿದ್ದರೆ ಒಂದು ತೂತಾದರೂ ಉಳಿದವು ತಡೆಯುತ್ತವೆ. ಬೆಸುಗೆ ಬಿಟ್ಟಿದೆಯೇ, ದೋಣಿ ನಿಂತಾಗ ಒಂದು ಬದಿಗೆ ಓರೆಯಾಗಿದೆಯೇ ನೋಡಿ. ಯಾರೂ ಹತ್ತದೆಯೇ ಓರೆಯಾಗಿದ್ದರೆ ಆ ಡ್ರಮ್ಮು ಆಗಲೇ ನೀರು ಕುಡಿದಿದೆ ಎಂದೇ ಅರ್ಥ. ಎಣ್ಣೆಯ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಬಿದಿರಿಗೆ ಬಿಗಿದು "ಇದೂ ಪೊಂಟೂನೇ ಬಿಡ್ರಿ" ಅಂದರೆ ಕೈಮುಗಿದು ವಾಪಸ್ಸು ಬನ್ನಿ.

ಎರಡನೆಯದು ಕಟಾಂಜನ. ಮೂರು ವರ್ಷದ ಕೂಸು ನುಸುಳುವಷ್ಟು ಸಂದು ಇರಬಾರದು. ಮುಂದಿನ ಬಾಗಿಲಿಗೆ ಚಿಲಕ ಇರಬೇಕು. ದೋಣಿ ಹೋಗುವಾಗ ಮುಂಭಾಗದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರುವುದು, ಅಲ್ಲಿ ನಿಂತು ಸೆಲ್ಫಿ ತೆಗೆಯುವುದು ಈಗಿನ ಹುಡುಗರ ಚಟ. ಅಲ್ಲಿಂದ ಜಾರಿದವನ ಮೇಲೆ ದೋಣಿಯೇ ಹಾದು ಹೋಗುತ್ತೆ, ಹಿಂದೆ ಎಂಜಿನ್ನಿನ ರೆಕ್ಕೆ ತಿರುಗುತ್ತಿರುತ್ತೆ. ಎಲ್ಲರೂ ಮುಂದಕ್ಕೆ ಬಂದರೆ ದೋಣಿಯ ಮೂಗು ನೀರಿಗೆ ಚುಚ್ಚುವ ಅಪಾಯ ಬೇರೆ.

ಮೂರನೆಯದು ಲೈಫ್ ಜಾಕೆಟ್ಟು. ಅದು ಮೊಳೆಗೆ ತೂಗು ಹಾಕಲಿಕ್ಕಲ್ಲ, ಮೈಗೆ ಹಾಕಲಿಕ್ಕೆ. ದೊಡ್ಡವರದನ್ನು ಮಕ್ಕಳಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬರುತ್ತೆ, ಮಗು ಕೆಳಗೆ ಹೋಗುತ್ತೆ. ಹಾಕಿದ ಮೇಲೆ ಹೆಗಲ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಿವಿಯ ತನಕ ಜಾರಿ ಬಂದರೆ ಅದು ಆ ಮಗುವಿನದಲ್ಲ. ಬಕಲ್ ಮುರಿದು ದಾರ ಕಟ್ಟಿದ ಜಾಕೆಟ್ಟುಗಳನ್ನು ಮುಟ್ಟಲೇಬೇಡಿ.

ನಾಲ್ಕನೆಯದು ಚಾವಣಿ. ಬಿಸಿಲಿಗೆ ಬೇಕೇ ಬೇಕು, ಸರಿ. ಆದರೆ ಪಕ್ಕಕ್ಕೆಲ್ಲ ಪರದೆ ಬಿಗಿದು ಡಬ್ಬಿ ಮಾಡಿದ್ದರೆ ಹತ್ತಬೇಡಿ. ದೋಣಿ ಮಗುಚಿದರೆ ಜಾಕೆಟ್ ತೊಟ್ಟವರನ್ನು ಅದೇ ಜಾಕೆಟ್ ಮೇಲಕ್ಕೆ ಒತ್ತಿ ಬೋನಿನೊಳಗೆ ಸಿಕ್ಕಿಸುತ್ತೆ. ಹೊರಗೆ ಬರುವ ದಾರಿ ನಾಲ್ಕೂ ಕಡೆ ತೆರೆದಿರಬೇಕು.

ಐದನೆಯದು ನಡೆಸುವವನು. ಎಂಜಿನ್ನಿನಿಂದ ಬರುವ ಕೆಂಪು ಹಗ್ಗವನ್ನು ಕೈಗೆ ಕಟ್ಟಿಕೊಂಡಿದ್ದಾನೆಯೇ ನೋಡಿ. ಅವನು ನೀರಿಗೆ ಬಿದ್ದರೆ ಹಗ್ಗ ಎಳೆದು ಎಂಜಿನ್ ನಿಲ್ಲುತ್ತೆ. ಮುಖ್ಯವಾಗಿ ಅವನಿಗೆ ಇಲ್ಲ ಎನ್ನುವ ಧೈರ್ಯ ಇದೆಯೇ? "ಇನ್ನಿಬ್ರು ಐದಾರೆ, ಹತ್ತಿಸಿಕೊಳ್ಳಪಾ" ಅಂದಾಗ "ಮುಂದಿನ ಟ್ರಿಪ್ಪಿಗೆ ಬರ್ರಿ" ಎನ್ನುವವನ ದೋಣಿ ಹತ್ತಬಹುದು. ಅಂಥವನ ಮೇಲೆ ಜಗಳಕ್ಕೆ ಹೋಗುವವರು ನಮ್ಮಲ್ಲಿ ಹೆಚ್ಚು. ಅವನಿಗೆ ಚಹ ಕೊಡಿಸುವವರು ಹೆಚ್ಚಬೇಕು.

ಹಾಗಾದರೆ ಯಾವುದು?

ಸಣ್ಣ ಕೆರೆ, ಒಂದೇ ಮನೆಯ ಎಂಟು ಹತ್ತು ಜನ, ನಿಧಾನದ ಸುತ್ತಾಟ: ಎರಡು ಡ್ರಮ್ಮಿನದು. ಬೆಲೆ ಕಡಿಮೆ, ಎಂಜಿನ್ ಸಣ್ಣದು, ಸಾಗಿಸುವುದು ಸುಲಭ, ಬೇಕೆಂದರೂ ಹೆಚ್ಚು ಜನರನ್ನು ತುಂಬುವ ಆಸೆ ಹುಟ್ಟಿಸದು. ಸೂಳೆಕೆರೆಯಂಥ ಬಯಲು ನೀರು, ಗಾಳಿಯ ಸೀಮೆ: ಮೂರು ಡ್ರಮ್ಮಿನದು, ಅದೂ ಎರಡು ಡ್ರಮ್ಮಿನ ಜನಸಂಖ್ಯೆಗೆ. ಹರಿಯುವ ಹೊಳೆಗೆ ಎರಡೂ ಅಲ್ಲ.

ಈ ಮೂರು ಮಾತಿನಲ್ಲಿ ನಡುವಿನದೇ ಕಷ್ಟ. ಹತ್ತೊಂಬತ್ತು ಜನ ಹಿಡಿಯುವ ದೋಣಿಯಲ್ಲಿ ಹನ್ನೆರಡು ಜನರನ್ನು ಕೂರಿಸಿ ಏಳು ಸೀಟು ಖಾಲಿ ಬಿಡುವುದು ನಮ್ಮ ಜಾಯಮಾನಕ್ಕೆ ಒಗ್ಗದ ಕೆಲಸ. ಮಿನಿ ಬಸ್ಸಿನ ಬಾಗಿಲಲ್ಲಿ ಜೋತಾಡಿ ಬೆಳೆದ ಊರು ನಮ್ಮದು. ಖಾಲಿ ಜಾಗ ಕಂಡರೆ ಕೈ ಕಡಿಯುತ್ತೆ. ಆದರೆ ಆ ಏಳು ಖಾಲಿ ಸೀಟಿಗೇ ನೀವು ದುಡ್ಡು ಕೊಟ್ಟಿರುವುದು. ಮೂರನೇ ಡ್ರಮ್ಮು ಎಂದರೆ ಅದೇ.

ಕಂಪನಿಯ ಪುಸ್ತಕದಲ್ಲಿ ಸೀಟಿನ ಬಣ್ಣ ಎಷ್ಟು, ಪಾಟೆ ಇಡಲು ಜಾಗ ಎಷ್ಟು, ಹಾಡಿನ ಪೆಟ್ಟಿಗೆ ಎಷ್ಟು ಜೋರು ಎಂಬುದೆಲ್ಲ ಇರುತ್ತೆ. ಅದನ್ನು ಮಕ್ಕಳು ನೋಡಿಕೊಳ್ಳಲಿ. ಮನೆಯ ಯಜಮಾನ ಒಂದು ತುಂಡು ಕಾಗದ, ಒಂದು ಪೆನ್ನು ಹಿಡಿದು, ಮೇಲಿನ ಕೂಡಿಸು ಕಳೆಯುವ ಲೆಕ್ಕ ಒಂದನ್ನು ಮಾಡಿಕೊಂಡು ಹೋದರೆ ಸಾಕು. ನೀರಿಗೆ ವಶೀಲಿ ನಡೆಯದು, ಅದಕ್ಕೆ ಗೊತ್ತಿರುವುದು ತೂಕ ಒಂದೇ.